ಶಬ್ದಬಿಂಬಗಳ ಕಾಲಸಾಮ್ಯ ವಿಚಾರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು 1953ರವರೆಗೆ ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆಯಲ್ಲಿದ್ದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ದೊಡ್ಡಾಟ ತೊಗಲುಗೊಂಬೆಯಾಟಗಳು ಈ ಭಾಗದಲ್ಲಿ ಚಿರಪರಿಚಿತವಾದುವು. ಗೊಂಬೆಯನ್ನಾಡಿಸುತ್ತ ತಾನೇ ನುಡಿಯುವವನಲ್ಲಿ ಕೈಯೂ ಬಾಯಿಯೂ ಒಂದೇ ಮನಸ್ಸಿಗೆ ಅಧೀನವಾದುದರಿಂದ ಮಾತಿಗೂ ಚಲನೆಗೂ ಅಂತರವುಂಟಾಗದು. ಯಂತ್ರವು ಶಬ್ದವನ್ನೂ ಬಿಂಬವನ್ನೂ ಬೇರ್ಪಡಿಸಿ ಹಿಡಿದಂದಿನಿಂದಲೇ ಈ ಅಂತರದ ಪ್ರಶ್ನೆಯು ಹುಟ್ಟಿತು.

1934ನೆಯ ಮಾರ್ಚಿಯಲ್ಲಿ ತೆರೆಕಂಡ, ವೈ. ವಿ. ರಾವ್ ಅವರು ನಿರ್ದೇಶಿಸಿದ ‘ಸತಿ ಸುಲೋಚನಾ’ ಕನ್ನಡದ ಮೊದಲ ವಾಕ್ಚಿತ್ರವು. ವಾಕ್ಚಿತ್ರದ ಸುರುಳಿಯು ಸೆಕೆಂಡಿಗೆ 24 ಚಿತ್ರಗಳಂತೆ ಓಡುವುದು. ಬಿಂಬವು ದೀಪದ ಮುಂದೆ ನಿಂತುನಿಂತು ಸಾಗಬೇಕು. ಶಬ್ದರೇಖೆಯಾದರೋ ಎಡೆಬಿಡದೆ ಸಮವೇಗದಿಂದ ಹರಿಯಬೇಕು. ಆದಕಾರಣ 35 ಮಿಲಿಮೀಟರಿನ ಸುರುಳಿಯಲ್ಲಿ ಶಬ್ದವನ್ನು ತತ್ಸಂಬಂಧವಾದ ಚಿತ್ರಕ್ಕಿಂತ ಸುಮಾರು 20 ಚಿತ್ರಗಳಷ್ಟು ಮುಂದಕ್ಕೆ ಅಚ್ಚುಹಾಕುವ ಪದ್ಧತಿಯು ನೆಲೆಗೊಂಡಿತು. ಟೂರಿಂಗ್ ಟಾಕೀಸಿನ ಆಪರೇಟರು ಬಿಂಬದ್ವಾರಕ್ಕೂ ಶಬ್ದಯಂತ್ರಕ್ಕೂ ನಡುವೆ ಬಿಡುವ ಸುರುಳಿಯ ಬಳುಕು ಹೆಚ್ಚಾದರೆ ಮಾತು ತಡವಾಗುವುದು. ಕಡಮೆಯಾದರೆ ತುಟಿಗಿಂತ ಮುಂಚೆಯೇ ಕೇಳುವುದು.

ಸುರುಳಿಯು ಹೋಗಿ ಅಂಕರೂಪದ ವೀಡಿಯೊ ಬಂದರೂ ದೋಷವು ಹೋಗಲಿಲ್ಲ. ಸೀಡಿ, ಕ್ಯಾಸೆಟ್ಟುಗಳ ದೃಶ್ಯವನ್ನು ಅಂಗೈಯಲ್ಲಿ ಹಿಡಿಯುವ ಪ್ಲೇಯರಿಗೂ ಮೊಬೈಲಿಗೂ ಮಾರ್ಪಡಿಸುವಾಗ ಎರಡು ಬಗೆಯ ದೋಷಗಳು ಕಾಣುವುವು. ಮೊದಲಿನಿಂದ ಕಡೆಯವರೆಗೂ ಒಂದೇ ಸಮನಾಗಿರುವ ಅಂತರವು ಸ್ಥಿರದೋಷ. ಹೋಗುತ್ತ ಹೋಗುತ್ತ ಬೆಳೆಯುವುದು ವರ್ಧಮಾನದೋಷ. ಮೊದಲನೆಯದಕ್ಕೆ ಶಬ್ದವನ್ನು ಅಷ್ಟೇ ಕಾಲ ಹಿಂದುಮುಂದಾಗಿ ಸರಿಸಿದರೆ ಸಾಕು. ಎರಡನೆಯದು ವೇಗಭೇದದಿಂದ ಹುಟ್ಟಿದುದಾದ್ದರಿಂದ ಸರಿಸುವಿಕೆಯಿಂದ ಪರಿಹಾರವಾಗದು. ಉದಾಹರಣೆಗೆ, ಸೆಕೆಂಡಿಗೆ 24 ಚಿತ್ರಗಳ ಒಂದು ಗಂಟೆಯ ದೃಶ್ಯವನ್ನು 25ರಂತೆ ಓಡಿಸಿದರೆ ಅದು 57 ನಿಮಿಷ 36 ಸೆಕೆಂಡಿಗೆ ಮುಗಿಯುವುದು. ಶಬ್ದವು ಹಳೆಯ ವೇಗದಲ್ಲಿಯೇ ಉಳಿದರೆ ಇನ್ನೂ 2 ನಿಮಿಷ 24 ಸೆಕೆಂಡು ಮಿಗುವುದು. ಇಲ್ಲಿ ಶಬ್ದದ ವೇಗವನ್ನು ಅದೇ ಪ್ರಮಾಣದಲ್ಲಿ ಹೆಚ್ಚಿಸಬೇಕು, ಇಲ್ಲವೆ ಬಿಂಬವನ್ನು 24ಕ್ಕೇ ತರಬೇಕು. ಮೊಬೈಲಿನಲ್ಲಿ ಹಿಡಿದ ದೃಶ್ಯಗಳಲ್ಲಿ ಚಿತ್ರಗತಿಯೇ ಏರಿಳಿಯುವುದುಂಟು. ಅವನ್ನು ಮೊದಲು ಏಕಗತಿಗೆ ತರುವುದು ಯುಕ್ತ. ಆದಿಯಲ್ಲಿಯೂ ಅಂತ್ಯದಲ್ಲಿಯೂ ಒಂದೊಂದು ತಾಳದ ಪೆಟ್ಟನ್ನು ಪರೀಕ್ಷಿಸಿದರೆ ದೋಷವು ಯಾವ ಬಗೆಯದೆಂಬುದು ನಿರ್ಣಯವಾಗುವುದು.

ಎಷ್ಟು ಅಂತರವು ಸಹ್ಯವೆಂಬುದಕ್ಕೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ಪ್ರಮಾಣವನ್ನು ಹೇಳಿದೆ. ಶಬ್ದವು ಸುಮಾರು 45 ಮಿಲಿಸೆಕೆಂಡು ಮುಂಚೆ ಬಂದರೂ ನೋಡುವವರಿಗೆ ತಿಳಿಯುವುದು; ತಡವಾದರೆ 125ರವರೆಗೂ ತಿಳಿಯದು. ಮಿಂಚಿನ ಹಿಂದೆ ಗುಡುಗು ಬರುವುದು ಲೋಕಾನುಭವವಷ್ಟೆ. ಗುಡುಗಿನ ಹಿಂದೆ ಮಿಂಚನ್ನು ಕಂಡವರಿಲ್ಲ.

ಇದು ಕೇವಲ ವಿನೋದದ ಮಾತಲ್ಲ. ದೊಡ್ಡಾಟದಲ್ಲಿ ಹೆಜ್ಜೆಯೂ ಮದ್ದಳೆಯ ಪೆಟ್ಟೂ ಕೂಡಿದಲ್ಲಿಯೇ ಆಟದ ಮರ್ಮವಿದೆ. ಅಂತರ ಬಿದ್ದ ಪ್ರತಿಯೊಂದೇ ಉಳಿದರೆ, ನಿಪುಣನಾದ ವೇಷಧಾರಿಯೂ ತಾಳಗೆಟ್ಟವನೆಂದು ಮುಂದಿನವರು ಬಗೆವರು. ಪ್ರತಿಕಾರನ ತಪ್ಪು ಕವಿಯ ಮೇಲೆ ಬೀಳದಿರಲೆಂದು ಓಲೆಗರಿಗಳನ್ನು ಹೋಲಿಸಿ ಪಾಠವನ್ನು ಶೋಧಿಸುವಂತೆ, ಈ ದೃಶ್ಯಗಳ ಮೂಲಪ್ರತಿಯನ್ನು ಕಾಪಾಡಿ, ಮಾರ್ಪಟ್ಟ ಪ್ರತಿಯನ್ನು ಅದರೊಡನೆ ತಾಳೆನೋಡುವುದು ಅವಶ್ಯಕರ್ತವ್ಯವಾಗಿದೆ.