ಸಂಪದಭ್ಯುದಯದ ಕೂಸು

ಬನಶಂಕರಿಯಿಂದ ಮಾರ್ಕೆಟ್ ಕಡೆ ಹೋದರೆ ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಇದೆಯಲ್ಲ, ಅದರ ತವರುಮನೆ ಒಂದು ಅರ್ಥಶಾಸ್ತ್ರದ ಸಭೆ ಅಂದರೆ ನಂಬ್ತೀರಾ?

1911ರಲ್ಲಿ, ಇನ್ನೂ ಮೈಸೂರಿನ ಚೀಫ್ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರ ಒತ್ತಾಸೆಯಿಂದ 'ಮೈಸೂರು ಸಂಪದಭ್ಯುದಯ ಸಮಾಜ' ಶುರುವಾಯಿತು. ಅದು ಬರೀ ಪಂಡಿತರ ಕೂಟ ಅಲ್ಲ. ಅಧಿಕಾರಿಗಳು, ವರ್ತಕರು, ಜಮೀನುದಾರರು ಒಟ್ಟಿಗೆ ಕೂತು ನಾಡಿನ ಬಡತನದ ಬಗ್ಗೆ ಮಾತಾಡುವ ಜಾಗ. ಕೃಷಿಗೊಂದು, ಕೈಗಾರಿಕೆ-ವ್ಯಾಪಾರಕ್ಕೊಂದು, ಶಿಕ್ಷಣಕ್ಕೊಂದು ಸಮಿತಿ.

ಶಿಕ್ಷಣದ ಮಾತು ಬಂದ ಮೇಲೆ ಭಾಷೆಯ ಮಾತು ಬರಲೇಬೇಕು. ಜನರ ಭಾಷೆಯಲ್ಲಿ ಪುಸ್ತಕವೇ ಇಲ್ಲದಿದ್ದರೆ ರೈತನಿಗೆ ಹೊಸ ವಿಷಯ ಮುಟ್ಟುವುದು ಹೇಗೆ? ಹೀಗೆ 1915ರ ಮೇ ತಿಂಗಳಲ್ಲಿ ಪರಿಷತ್ತು ಹುಟ್ಟಿತು. ಮೊದಲ ಅಧ್ಯಕ್ಷರು ಎಚ್.ವಿ. ನಂಜುಂಡಯ್ಯ. ಮರುವರ್ಷ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯೂ ಅವರೇ.

ವಿಶ್ವೇಶ್ವರಯ್ಯ 1918ರ ಕೊನೆಗೆ ದಿವಾನಗಿರಿ ಬಿಟ್ಟರು. ತಾಯಿ ಸಮಾಜ ಇವತ್ತು ಚರಿತ್ರೆಯಲ್ಲಷ್ಟೇ ಇದೆ, ಮಗು ಮಾತ್ರ ನೂರು ದಾಟಿದೆ. ಯಾಕೆ? ನನಗನಿಸುವುದಿಷ್ಟು: ಸಮಾಜದ ಉಸಿರು ಸರ್ಕಾರದ ಆದೇಶದಲ್ಲಿತ್ತು. ಪರಿಷತ್ತಿಗೆ ಚಂದಾ ಕೊಟ್ಟ ಸದಸ್ಯರಿದ್ದರು, ಊರೂರಿಗೆ ಹೋಗುವ ಸಮ್ಮೇಳನವಿತ್ತು. ಪರಿಷತ್ತಿನ ಚುನಾವಣೆ, ಜಗಳ ನೋಡಿ ನಾವೆಲ್ಲ ಬೈಯುತ್ತೇವೆ, ಸರಿಯೇ. ಆದರೆ ಸದಸ್ಯರು ಜಗಳವಾಡುವಷ್ಟಾದರೂ ತಮ್ಮದೆಂದುಕೊಂಡ ಸಂಘವೇ ಉಳಿದದ್ದು.

ನೀವೇನಂತೀರಿ?