ವಿಮೆ ಮತ್ತು ವಿಶ್ವಾಸ

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ನಿವೃತ್ತ ಮೇಷ್ಟರೊಬ್ಬರು ಕಾಗದವೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. “ನೀವು ಎಂ. ಎ. ಓದಿದವರು, ಇದರಲ್ಲಿ ಏನು ಬರೆದಿದ್ದಾರೆ ನೋಡಿ ಹೇಳಿ ಸ್ವಾಮೀ” ಎಂದರು. ನಾನು ಓದಿದ್ದು ಕನ್ನಡ ಎಂ. ಎ.; ಕಾಗದವಿದ್ದದ್ದು ಇಂಗ್ಲಿಷಿನಲ್ಲಿ, ಅದರಲ್ಲೂ ವಿಮಾ ಕಂಪೆನಿಯ ಇಂಗ್ಲಿಷಿನಲ್ಲಿ. ಹಳಗನ್ನಡದ ಚಂಪುವಿಗಾದರೂ ಟೀಕು ಸಿಕ್ಕೀತು, ಇದಕ್ಕೆ ಅದೂ ಇಲ್ಲ. ಎರಡು ಸಲ ಓದಿದ ಮೇಲೆ ತಾತ್ಪರ್ಯ ಹೊಳೆಯಿತು. ಮೇಷ್ಟರ ಹೃದಯದ ಚಿಕಿತ್ಸೆಯ ವೆಚ್ಚವನ್ನು ಕಂಪೆನಿ ಕೊಡಲಾರದು; ಪಾಲಿಸಿ ಕೊಳ್ಳುವ ಕಾಲಕ್ಕೇ ಇದ್ದ ರಕ್ತದೊತ್ತಡವನ್ನು ಅವರು ಮರೆಮಾಚಿದ್ದಾರೆ; ವಿಮೆಯೆಂಬುದು ಪರಮ ವಿಶ್ವಾಸದ ಕರಾರು, ಆ ವಿಶ್ವಾಸಕ್ಕೆ ಅವರು ಭಂಗ ತಂದಿದ್ದಾರೆ.

35 ವರ್ಷ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ. ಹಣ ಹೋಯಿತೆಂಬ ಚಿಂತೆ ಇದ್ದೇ ಇತ್ತು, ಮಗಳ ಬಳೆ ಆಗಲೇ ಅಡವಿಗೆ ಹೋಗಿತ್ತು. ಆದರೆ ಅವರು ಮತ್ತೆ ಮತ್ತೆ ಕೇಳಿದ್ದು ಒಂದೇ ಮಾತು: “ಹಾಗಾದರೆ ನಾನು ಸುಳ್ಳು ಹೇಳಿದೆ ಅಂತಲೇ ಇವರು ಬರೆದಿರೋದು?”

ಈ ‘ಪರಮ ವಿಶ್ವಾಸ’ವೆಂಬ ಮಾತು ಎಲ್ಲಿಂದ ಬಂತು ಎಂದು ಹುಡುಕಹೊರಟವನಿಗೆ ಸಿಕ್ಕಿದ್ದು ಸುಮಾತ್ರಾ ದ್ವೀಪದ ಒಂದು ಕೋಟೆ. ಬೆಂಕೂಲೆನ್ ಎಂಬಲ್ಲಿ ಈಸ್ಟ್ ಇಂಡಿಯಾ ಕಂಪೆನಿಗೆ ಮಾರ್ಲ್‌ಬರೋ ಎಂಬ ಕೋಟೆಯಿತ್ತು. ಅದರ ಗವರ್ನರನಾಗಿದ್ದ ಜಾರ್ಜ್ ಕಾರ್ಟರನು, ಕೋಟೆ ಶತ್ರುವಶವಾದರೆ ತನಗೆ ಪರಿಹಾರ ಸಿಗಬೇಕೆಂದು ಲಂಡನ್ನಿನಲ್ಲಿ ವಿಮೆ ಮಾಡಿಸಿದ. 1760ರಲ್ಲಿ ಫ್ರೆಂಚರು ಕೋಟೆಯನ್ನು ಹಿಡಿದೇಬಿಟ್ಟರು. ವಿಮೆಗೆ ಒಪ್ಪಿದ್ದ ಬೋಹ್ಮ್ ಎಂಬಾತ ಹಣ ಕೊಡಲು ನಿರಾಕರಿಸಿದ. ಕೋಟೆ ದುರ್ಬಲವೆಂಬುದನ್ನೂ ಫ್ರೆಂಚರ ಭಯವಿದೆಯೆಂಬುದನ್ನೂ ಗವರ್ನರ್ ಮುಚ್ಚಿಟ್ಟನೆಂಬುದು ಅವನ ವಾದ. ಕಾಲ ದೇಶ ಬೇರೆಯಾದರೂ ವಾದ ನಮ್ಮ ಮೇಷ್ಟರಿಗೆ ಬಂದ ಕಾಗದದ್ದೇ ಅಲ್ಲವೆ? 1766ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡನು ಕೊಟ್ಟ ತೀರ್ಪೇ ವಿಮಾ ನ್ಯಾಯಕ್ಕೆಲ್ಲ ಮೂಲಸೂತ್ರವೆನಿಸಿತು. ವಿಮೆ ಮಾಡಿಸುವವನಿಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಅವನು ಬಚ್ಚಿಡಬಾರದು ಎಂದು ಅದು ಹೇಳಿತು, ನಿಜ. ಆದರೆ ಆ ಮೊಕದ್ದಮೆಯಲ್ಲಿ ಗೆದ್ದವನು ಯಾರು? ಕಾರ್ಟರ್! ಕೋಟೆಯ ಸ್ಥಿತಿಯನ್ನು ಬೋಹ್ಮ್ ಲಂಡನ್ನಿನಲ್ಲಿಯೇ ವಿಚಾರಿಸಿಕೊಳ್ಳಬಹುದಾಗಿತ್ತು. ವಿಚಾರಿಸದೆ ಕಂತು ತೆಗೆದುಕೊಂಡು, ನಷ್ಟವಾದ ಮೇಲೆ ಪ್ರಶ್ನೆ ಹಾಕುವುದು ಸಲ್ಲದು ಎಂದಿತು ನ್ಯಾಯಾಲಯ. ಅಷ್ಟೇ ಅಲ್ಲ, ಈ ಧರ್ಮ ಇಬ್ಬರಿಗೂ ಸಮಾನವೆಂದು ಒಂದು ದೃಷ್ಟಾಂತವನ್ನೂ ಕೊಟ್ಟಿತು: ಹಡಗು ಸುಖವಾಗಿ ದಡ ಸೇರಿದೆಯೆಂದು ಗುಟ್ಟಾಗಿ ತಿಳಿದಿದ್ದೂ ವಿಮೆಗಾರನು ಅದಕ್ಕೆ ವಿಮೆಯ ಹಣ ಪಡೆದರೆ, ಆ ಹಣವನ್ನು ಅವನು ಹಿಂದಿರುಗಿಸಬೇಕು.

ಆಮೇಲಿನ ಕಾಲದಲ್ಲಿ ಸೂತ್ರದ ಪೂರ್ವಾರ್ಧ ಬಾಯಿಪಾಠವಾಯಿತು, ಉತ್ತರಾರ್ಧ ಮರೆತುಹೋಯಿತು.

ನಮ್ಮ ದೇಶದಲ್ಲಿ ಮೊದಲು ಬೇರೂರಿದ್ದು ಜೀವವಿಮೆ. ಮೈಸೂರು ಸಂಸ್ಥಾನವು 1891ರಲ್ಲಿಯೇ ತನ್ನ ನೌಕರರಿಗಾಗಿ ವಿಮೆಯ ಏರ್ಪಾಡು ಮಾಡಿತ್ತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ ಅದರ ಸಂತಾನ. ನಮ್ಮ ಮೇಷ್ಟರಿಗೆ ನಿವೃತ್ತಿಯ ಕಾಲಕ್ಕೆ ಅಲ್ಲಿಂದ ಹಣ ಸಲೀಸಾಗಿ ಬಂದಿತ್ತು. ವಿಮೆಯೆಂದರೆ ಹೀಗೆಯೇ ಇರುತ್ತದೆಂದು ಅವರು ನಂಬಿದ್ದರೆ ಅದು ಅವರ ತಪ್ಪಲ್ಲ. 1938ರ ವಿಮಾ ಶಾಸನದ 45ನೆಯ ಕಲಮು ಪಾಲಿಸಿದಾರನಿಗೆ ಒಂದು ಗುರಾಣಿಯನ್ನೂ ಕೊಟ್ಟಿತು: ಎರಡು ವರ್ಷ ಕಳೆದ ಮೇಲೆ, ಅರ್ಜಿಯಲ್ಲಿ ತಪ್ಪು ಹೇಳಿಕೆಯಿತ್ತೆಂಬ ಮಾತ್ರಕ್ಕೆ ಜೀವವಿಮೆಯನ್ನು ಅಲ್ಲಗಳೆಯುವಂತಿಲ್ಲ. ಆ ಹೇಳಿಕೆ ಮುಖ್ಯ ವಿಷಯಕ್ಕೆ ಸಂಬಂಧಿಸಿತ್ತು, ವಂಚನೆಯಿಂದ ಮಾಡಿದ್ದು, ಸುಳ್ಳೆಂದು ಅವನಿಗೆ ಆಗಲೇ ಗೊತ್ತಿತ್ತು ಎಂಬುದನ್ನು ಕಂಪೆನಿ ತೋರಿಸಬೇಕು. 1962ರಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಮೂರನ್ನೂ ಬಿಡಿಸಿ ಹೇಳಿತು; ಹೇಳಿ, ಆ ಪ್ರಕರಣದಲ್ಲಿ ವಂಚನೆ ನಡೆದಿದೆಯೆಂದು ಕಂಪೆನಿಯ ಕಡೆಗೇ ತೀರ್ಪಿತ್ತಿತು. 2015ರ ತಿದ್ದುಪಡಿಯಿಂದ ಈಗ ಮೂರು ವರ್ಷ ಕಳೆದ ಜೀವವಿಮೆಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ.

ಆರೋಗ್ಯ ವಿಮೆಗೆ ಮಾತ್ರ ಈ ಗುರಾಣಿ ಇರಲಿಲ್ಲ. ಅದು ತೀರ ಈಚಿನ ಕೂಸು. ಜೀವವಿಮೆ 1956ರಲ್ಲೂ ಮಿಕ್ಕ ಸಾಮಾನ್ಯ ವಿಮೆ 1973ರಲ್ಲೂ ರಾಷ್ಟ್ರದ ಸ್ವತ್ತಾದ ಮೇಲೆ, 1986ರಲ್ಲಿ ನಾಲ್ಕು ಸರ್ಕಾರಿ ಕಂಪೆನಿಗಳು ‘ಮೆಡಿಕ್ಲೇಮ್’ ಎಂಬ ಪಾಲಿಸಿಯನ್ನು ತಂದವು. ಪಾಲಿಸಿಗೆ ಮೊದಲೇ ಇದ್ದ ರೋಗಕ್ಕೆ ಅದರಲ್ಲಿ ಪರಿಹಾರವಿರಲಿಲ್ಲ. ಯಾವ ರೋಗ ಯಾವಾಗ ಹುಟ್ಟಿತೆಂದು ಯಾರು ಹೇಳಬೇಕು? ಹಣ ಕೊಡಬೇಕಾದ ಕಂಪೆನಿಯೇ! ಜೀವವಿಮೆಯ ತಕರಾರಿನಲ್ಲಿ ಸತ್ತವನು ಹೋಗಿರುತ್ತಾನೆ, ವಾರಸುದಾರರು ಹೋರಾಡುತ್ತಾರೆ. ಇಲ್ಲಿಯಾದರೋ ಹೊಲಿಗೆ ಇನ್ನೂ ಮಾಯದ ರೋಗಿಯೇ ಎದ್ದು ವಾದಿಸಬೇಕು.

ದೈವಯೋಗವೆಂಬಂತೆ ಅದೇ 1986ರಲ್ಲಿ ಗ್ರಾಹಕ ರಕ್ಷಣಾ ಶಾಸನವೂ ಬಂತು. ‘ಸೇವೆ’ ಎಂಬ ಪದದ ವಿವರಣೆಯಲ್ಲಿ ವಿಮೆಯ ಹೆಸರೂ ಸೇರಿತ್ತು. ಸಿವಿಲ್ ಕೋರ್ಟಿನ ಮೆಟ್ಟಿಲೆಂದರೆ ನಡುಗುತ್ತಿದ್ದ ಸಂಸಾರಸ್ಥನಿಗೆ ಜಿಲ್ಲಾ ವೇದಿಕೆಯ ಬಾಗಿಲು ತೆರೆಯಿತು. 1998ರ ನಿಯಮಗಳಿಂದ ವಿಮಾ ಒಂಬುಡ್ಸ್‌ಮನ್ ಎಂಬ ಅಧಿಕಾರಿಯೂ ಬಂದ. ಹೆಸರು ಸ್ವೀಡನ್ನಿನದು, ನಾಲಗೆಗೆ ಒಗ್ಗುವುದು ಕಷ್ಟ. ಕೆಲಸ ಮಾತ್ರ ನಮ್ಮ ಹಳ್ಳಿಯ ಹಿರಿಯನದೇ.

ಬಾಗಿಲು ತೆರೆದವರಿಗೆಲ್ಲ ಜಯ ಸಿಕ್ಕಿತೆಂದು ವಾಚಕರು ಭಾವಿಸಬಾರದು. 1990ರಲ್ಲಿ ಮೆಡಿಕ್ಲೇಮ್ ಪಡೆದು ಅದೇ ವರ್ಷ ತೀರಿಕೊಂಡ ಒಬ್ಬರ ಪ್ರಕರಣ 2009ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ಅವರಿಗೆ ಬಹುಕಾಲದ ಮಧುಮೇಹವಿತ್ತು, ಮೂತ್ರಪಿಂಡ ಕೆಟ್ಟಿತ್ತು, ಅರ್ಜಿಯಲ್ಲಿ ಆರೋಗ್ಯ ಚೆನ್ನಾಗಿದೆಯೆಂದು ಬರೆದಿತ್ತು. ಕಂಪೆನಿ ಹಣ ನಿರಾಕರಿಸಿದ್ದು ಸರಿಯೆಂದು ತೀರ್ಪಾಯಿತು. ಅದನ್ನು ಅನ್ಯಾಯವೆನ್ನಲು ನನಗೆ ಮನಸ್ಸು ಬಾರದು. ಎಲ್ಲರೂ ಕೂಡಿಹಾಕಿದ ಕಂತಿನ ಹುಂಡಿಯದು. ಬಚ್ಚಿಟ್ಟವನಿಗೆ ಕೊಟ್ಟರೆ ಬಿಚ್ಚಿಹೇಳಿದವನ ಕಂತು ಏರುತ್ತದೆ.

ಇನ್ನೊಂದು ಪ್ರಕರಣದಲ್ಲಿ ತಕ್ಕಡಿ ಈಚೆಗೆ ವಾಲಿತು. 1998ರಲ್ಲಿ ಅಮೆರಿಕಕ್ಕೆ ಹೊರಟ ಒಬ್ಬರು ಪ್ರವಾಸದ ಆರೋಗ್ಯ ವಿಮೆ ಕೊಂಡರು. ಮಧುಮೇಹವಿದೆಯೆಂದು ಮೊದಲೇ ತಿಳಿಸಿದ್ದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುತ್ತಲೇ ಹೃದಯಾಘಾತವಾಯಿತು. ಹಳೆಯ ರೋಗವೆಂದು ಕಂಪೆನಿ ಕೈತೊಳೆದುಕೊಂಡಿತು. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿಯೂ ಅವರಿಗೆ ಸೋಲು. 2021ರ ಡಿಸೆಂಬರಿನಲ್ಲಿ, ಅಂದರೆ 23 ವರ್ಷಗಳ ಮೇಲೆ, ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿ ಹೇಳಿತು: ರೋಗವನ್ನು ತಿಳಿದು, ತೂಗಿನೋಡಿ ಪಾಲಿಸಿ ಕೊಟ್ಟ ಮೇಲೆ ಅದೇ ರೋಗವನ್ನು ನೆಪಮಾಡಿ ಹಣ ನಿರಾಕರಿಸುವಂತಿಲ್ಲ. ಬೆಂಕೂಲೆನ್ ಕೋಟೆಯ ಮಾತೇ ಬೇರೆ ದಾರಿಯಿಂದ ಬಂದು ಸೇರಿತು. ಗೆಲುವು ದೊಡ್ಡದು, 23 ವರ್ಷವೂ ಚಿಕ್ಕದಲ್ಲ. ಆ ಸೂತ್ರವನ್ನು ಜಗತ್ತಿಗೆ ಕೊಟ್ಟ ಇಂಗ್ಲೆಂಡಿನಲ್ಲಿಯೋ, ಕೇಳದ ಪ್ರಶ್ನೆಗೆ ಉತ್ತರ ಕೊಡುವ ಹೊಣೆಯಿಂದ ಸಾಮಾನ್ಯ ಗ್ರಾಹಕನನ್ನು 2012ರ ಶಾಸನವು ಬಿಡಿಸಿಯಾಗಿದೆ.

ಮೇಷ್ಟರ ವಿಷಯಕ್ಕೆ ಬರೋಣ. ಅವರಿಂದ ಕಂಪೆನಿಗೆ ಕಾಗದ ಬರೆಸಿ ಅರ್ಜಿಯ ನಕಲನ್ನು ತರಿಸಿದೆವು. ಅರ್ಜಿ ಇಂಗ್ಲಿಷಿನಲ್ಲಿತ್ತು. ರಕ್ತದೊತ್ತಡದ ಪ್ರಶ್ನೆಯೆದುರು ‘ಇಲ್ಲ’ ಎಂದು ಗುರುತು ಹಾಕಿದ್ದವನು ಏಜೆಂಟ್. ಕೆಳಗೆ ಮೇಷ್ಟರ ಮುದ್ದಾದ ಕನ್ನಡ ರುಜು. “ಮಾತ್ರೆ ನುಂಗ್ತೀನಿ ಅಂತ ಹೇಳಿದ್ದೆ ಸ್ವಾಮೀ. ಈ ವಯಸ್ಸಿಗೆ ಎಲ್ಲರಿಗೂ ಇರೋದೇ ಬಿಡಿ ಸಾರ್ ಅಂದ” ಎಂದರು. ವಿಮೆಯ ಕಾಗದಪತ್ರಗಳನ್ನು ಸಂದರ್ಭಾನುಸಾರ ಸಂವಿಧಾನ ಮಾನ್ಯ ಮಾಡಿದ ಭಾಷೆಗಳಲ್ಲಿ ಒದಗಿಸಬಹುದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2002ರಲ್ಲಿಯೇ ಹೇಳಿತ್ತು. ‘ಬಹುದು’ ಎಂಬ ಪ್ರತ್ಯಯದ ಬಗ್ಗೆ ವ್ಯಾಕರಣ ಪಾಠ ಹೇಳುವವನಾದ ನನಗೆ ಬಹಳ ಅನುಮಾನ.

ಅವರಿಗೆ ನೆರವಾದದ್ದು ಬೇರೊಂದು ನಿಯಮ. 2020ರಲ್ಲಿ ಪ್ರಾಧಿಕಾರವು ಆರೋಗ್ಯ ವಿಮೆಗೂ ಒಂದು ಅವಧಿಯನ್ನು ಕಟ್ಟಿತು: ಬಿಡದೆ ಎಂಟು ವರ್ಷ ಕಂತು ಕಟ್ಟಿದವನ ಪಾಲಿಸಿಯನ್ನು, ವಂಚನೆ ರುಜುವಾತಾದ ಹೊರತು, ಪ್ರಶ್ನಿಸುವಂತಿಲ್ಲ. 2024ರಲ್ಲಿ ಆ ಎಂಟು ಐದಕ್ಕೆ ಇಳಿಯಿತು. ಮೇಷ್ಟರದು ಆರನೆಯ ವರ್ಷ ನಡೆಯುತ್ತಿತ್ತು. ಕಂಪೆನಿಯ ಪತ್ರದಲ್ಲಿ ಈ ಮಾತೇ ಇರಲಿಲ್ಲ. ಮೊದಲು ಕಂಪೆನಿಗೇ ದೂರು ಕೊಟ್ಟು ಒಂದು ತಿಂಗಳು ಕಾದೆವು. ಬಂದದ್ದು ಹಳೆಯ ಕಾಗದದ ಪಡಿಯಚ್ಚು. ಆಮೇಲೆ ಬೆಂಗಳೂರಿನ ಒಂಬುಡ್ಸ್‌ಮನ್ ಕಚೇರಿಗೆ ಬರೆದೆವು. ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಡಬೇಕಾಗಿಲ್ಲ. ಕಂಪೆನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು, 50 ಲಕ್ಷ ರೂಪಾಯಿಯವರೆಗಿನ ತಕರಾರು ನಡೆಯುತ್ತದೆ. ತೀರ್ಪು ಕಂಪೆನಿಯನ್ನು ಕಟ್ಟುತ್ತದೆ. ದೂರುದಾರನಿಗೆ ಒಪ್ಪಿಗೆಯಾಗದಿದ್ದರೆ ಗ್ರಾಹಕ ಆಯೋಗದ ದಾರಿ ತೆರೆದೇ ಇರುತ್ತದೆ.

ವಿಚಾರಣೆ ಕಾಲು ಗಂಟೆಯಲ್ಲಿ ಮುಗಿಯಿತು. ಕೆಲವು ವಾರಗಳ ಮೇಲೆ ತೀರ್ಪಿನ ಪ್ರತಿ ಬಂತು. ಅದೂ ಇಂಗ್ಲಿಷಿನಲ್ಲಿಯೇ ಇತ್ತಾಗಿ ಮೇಷ್ಟರು ಅದನ್ನು ಹಿಡಿದು ನಮ್ಮ ಮನೆಗೆ ಬಂದರು. ಹಣ ಕೊಡಬೇಕೆಂದು ಆಜ್ಞೆಯಾಗಿದೆ ಎಂದೆ. ಅವರು ತಲೆಯಾಡಿಸಿ, ಮೊತ್ತ ಎಷ್ಟೆಂದೂ ಕೇಳದೆ, “ನಾನು ಸುಳ್ಳು ಹೇಳಿದೆ ಅಂತ ಅದರಲ್ಲಿ ಎಲ್ಲಾದರೂ ಇದೆಯೇ, ಇನ್ನೊಂದು ಸಲ ನೋಡಿ” ಎಂದರು. ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿದೆ. ಎಲ್ಲಿಯೂ ಇರಲಿಲ್ಲ.