ಹೋಂಗಾರ್ಡು ಹುಟ್ಟಿದ ಬಗೆ

1940ರ ಮೇ 14ರ ರಾತ್ರಿ. ಜರ್ಮನ್ ಸೈನಿಕರು ಪ್ಯಾರಾಚೂಟಿನಲ್ಲಿ ಹಾಲೆಂಡಿಗೆ ಇಳಿದು ನಾಲ್ಕು ದಿನವಾಗಿತ್ತು; ನಾಳೆ ನಮ್ಮ ಹೊಲಕ್ಕೂ ಇಳಿದಾರು ಎಂಬ ದಿಗಿಲು ಬ್ರಿಟನ್ನಿನ ಹಳ್ಳಿಹಳ್ಳಿಯಲ್ಲಿ. ಯುದ್ಧ ಸಚಿವ ಆಂಥೊನಿ ಈಡನ್ ರೇಡಿಯೊದಲ್ಲಿ ಮಾತಾಡಿದರು: 17ರಿಂದ 65 ವರ್ಷದ ಗಂಡಸರು ಹತ್ತಿರದ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕು, ಸಂಬಳವಿಲ್ಲ, ಸಮವಸ್ತ್ರ ಮತ್ತು ಆಯುಧ ಸಿಗುತ್ತದೆ. ಕೆಲವೇ ದಿನಗಳಲ್ಲಿ ಎರಡೂವರೆ ಲಕ್ಷ ಜನ ಬಂದರು. ಬೇಸಿಗೆ ಮುಗಿಯುವಷ್ಟರಲ್ಲಿ ಹತ್ತು ಲಕ್ಷ ದಾಟಿತು. ಈ ದಳಕ್ಕೆ ಮೊದಲು ಇಟ್ಟ ಉದ್ದನೆಯ ಹೆಸರು ಚರ್ಚಿಲ್‌ಗೆ ರುಚಿಸಲಿಲ್ಲ. ಜುಲೈನಲ್ಲಿ ಅದು 'ಹೋಂ ಗಾರ್ಡ್' ಆಯಿತು.

ಹೆಸರು ಬರೆಸಿದವರಿಗೆ ಬಂದೂಕೇ ಇರಲಿಲ್ಲ. ಫ್ರಾನ್ಸಿನ ಡನ್‌ಕರ್ಕ್‌ನಿಂದ ಹಿಂದೆ ಸರಿದ ಬ್ರಿಟಿಷ್ ಸೇನೆ ತನ್ನ ಶಸ್ತ್ರಗಳನ್ನು ಅಲ್ಲೇ ಬಿಟ್ಟು ಬಂದಿತ್ತು. ಮೊಲ ಹೊಡೆಯುವ ಕೋವಿ, ದೊಣ್ಣೆ, ಯಾರದೋ ತಾತನ ಕತ್ತಿ ಹಿಡಿದು ರಾತ್ರಿ ಗಸ್ತು ನಡೆಯಿತು. 1941ರಲ್ಲಂತೂ ಕಬ್ಬಿಣದ ಕೊಳವೆಯ ತುದಿಗೆ ಬಯೊನೆಟ್ ಬೆಸುಗೆ ಹಾಕಿ ಈಟಿ ಮಾಡಿ ಕಳಿಸಿದರು. ಪಾರ್ಲಿಮೆಂಟಿನಲ್ಲಿ ನಗೆಪಾಟಲು, ದಳದವರಿಗೆ ಅವಮಾನ. ಆದರೂ ಇವರನ್ನು ಬರೀ ನಗೆಹನಿ ಅಂದುಕೊಳ್ಳುವುದು ತಪ್ಪು. ಸ್ಪೇನಿನ ಅಂತರ್ಯುದ್ಧದಲ್ಲಿ ಕಾದಾಡಿ ಬಂದ ಟಾಮ್ ವಿಂಟ್ರಿಂಗ್‌ಹ್ಯಾಮ್, ಲಂಡನ್ ಬಳಿಯ ಆಸ್ಟರ್ಲಿ ಪಾರ್ಕಿನಲ್ಲಿ ಇವರಿಗೆ ಗೆರಿಲ್ಲಾ ಯುದ್ಧ ಕಲಿಸಿದ. ಒಂದು ಕಾಲಕ್ಕೆ ಕಮ್ಯುನಿಸ್ಟನಾಗಿದ್ದವನು ಜನರ ಕೈಗೆ ಆಯುಧ ಕೊಟ್ಟು ಪಾಠ ಹೇಳುವುದು ಮೇಲಿನವರಿಗೆ ಇರುಸುಮುರುಸು. ಕೆಲವೇ ತಿಂಗಳಲ್ಲಿ ಶಾಲೆ ಸೇನೆಯ ವಶವಾಯಿತು. ಜನ ತಾವಾಗಿ ಎದ್ದು ನಿಂತರೆ ಸರ್ಕಾರಕ್ಕೆ ಎಷ್ಟು ಸಂತೋಷವೋ ಅಷ್ಟೇ ಅಳುಕು. ಈ ದಳದ ಇಡೀ ಚರಿತ್ರೆಯಲ್ಲಿ ಇದು ಕಾಣುತ್ತದೆ. ಜರ್ಮನರು ಬರಲಿಲ್ಲ. 1944ರ ಡಿಸೆಂಬರಿನಲ್ಲಿ ದಳವನ್ನು ಮನೆಗೆ ಕಳಿಸಿದರು.

ಎರಡು ವರ್ಷ ಕಳೆದು, 1946ರ ಡಿಸೆಂಬರ್ 6ರಂದು, ಅದೇ ಹೆಸರು ಮುಂಬೈಯಲ್ಲಿ ಎದ್ದಿತು. ಆಗ ಪ್ರಾಂತ್ಯದ ಗೃಹಮಂತ್ರಿ ಮೊರಾರ್ಜಿ ದೇಸಾಯಿ. ಇಲ್ಲಿ ಹೆದರಿಕೆ ಆಕಾಶದಿಂದ ಇಳಿಯುವವರದ್ದಲ್ಲ, ಪಕ್ಕದ ಗಲ್ಲಿಯದು: ಕೋಮುಗಲಭೆ. ಪೊಲೀಸರಿಗೆ ಹೆಗಲು ಕೊಡುವುದೇ ಕೆಲಸ. ಹೆಸರು ಇಂಗ್ಲೆಂಡಿನದು, ಕಸುಬು ಪೂರ್ತಿ ಬೇರೆ. 1947ರಲ್ಲಿ ಇದಕ್ಕೊಂದು ಕಾಯ್ದೆಯೂ ಬಂತು. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರದ ಕಡೆಯವರು ಆಗ ಮುಂಬೈ ಪ್ರಾಂತ್ಯದವರು; ಹಾಗಾಗಿ ಕನ್ನಡ ನಾಡಿನ ಆ ಭಾಗಕ್ಕೆ ಈ ಕಾನೂನು ಮೈಸೂರಿಗಿಂತ ಮುಂಚೆಯೇ ಬಂದಿತ್ತು.

ದೇಶಕ್ಕೆಲ್ಲ ಒಂದೇ ಅಚ್ಚು ಬಿದ್ದದ್ದು 1962ರ ಚೀನಾ ಯುದ್ಧದಲ್ಲಿ. ರಾಜ್ಯಗಳಲ್ಲಿ ಚದುರಿದ್ದ ಸ್ವಯಂಸೇವಕ ಪಡೆಗಳನ್ನೆಲ್ಲ ಹೋಂ ಗಾರ್ಡ್ಸ್ ಎಂದು ಒಂದುಗೂಡಿಸಿ ಎಂದು ಕೇಂದ್ರ ಸೂಚಿಸಿತು. ಮೈಸೂರು ರಾಜ್ಯದ ಗೃಹರಕ್ಷಕ ಕಾಯ್ದೆಯೂ ಅದೇ ವರ್ಷದ್ದು. ವೈಮಾನಿಕ ದಾಳಿ, ಬೆಂಕಿ, ನೆರೆ, ಸಾಂಕ್ರಾಮಿಕ ರೋಗ ಎಲ್ಲವೂ ಕೆಲಸದ ಪಟ್ಟಿಗೆ ಸೇರಿದವು. ವಕೀಲರು, ಮೇಷ್ಟ್ರು, ಅಂಗಡಿಯವರು, ರೈತರು ಬಿಡುವಿನಲ್ಲಿ ಬಂದು ಕವಾಯತು ಮಾಡಿ ಮನೆಗೆ ಹೋಗಬೇಕು ಎಂಬುದು ಕಲ್ಪನೆ. ಗಡಿ ರಾಜ್ಯಗಳಲ್ಲಿ ಪ್ರತ್ಯೇಕ ಗಡಿ ದಳಗಳೂ ಆದವು; ಮೂಲದ ಯುದ್ಧಸ್ವಭಾವ ಉಳಿದಿದ್ದರೆ ಅಲ್ಲಿ ಮಾತ್ರ.

ಉಳಿದೆಡೆ ಶತ್ರು ಹಿಂದೆ ಸರಿದ, ಜನಜಂಗುಳಿ ಮುಂದೆ ಬಂತು. ಇಂದು ನಮ್ಮಲ್ಲಿ ಖಾಕಿ ತೊಟ್ಟು, ಸೀಟಿ ಕಚ್ಚಿ ಸಿಗ್ನಲ್ಲಿನಲ್ಲಿ ಕೈಯಾಡಿಸುವವರು, ಜಾತ್ರೆಯಲ್ಲಿ ಹಗ್ಗ ಹಿಡಿದು ಸಾಲು ನಿಲ್ಲಿಸುವವರು, ಮತಗಟ್ಟೆಯ ಬಾಗಿಲಲ್ಲಿ ನಿಲ್ಲುವವರು ಇವರೇ. ಡ್ಯೂಟಿ ಬಿದ್ದ ದಿನ ಭತ್ಯೆ, ಬೀಳದ ದಿನ ಇಲ್ಲ. ವಕೀಲರೂ ಮೇಷ್ಟ್ರೂ ವಿರಳವಾದರು. ಬೇರೆ ಕೆಲಸ ಸಿಗದ ಹುಡುಗ ಹುಡುಗಿಯರಿಗೆ ಇದೇ ಹೊಟ್ಟೆಪಾಡು. ಸೇವೆಯೆಂದು ಶುರುವಾದದ್ದು ಅಗ್ಗದ ಕೂಲಿಯಾಗಿ ಒಗ್ಗಿಹೋದದ್ದನ್ನು ಒಪ್ಪಿಕೊಳ್ಳಲು ಸರ್ಕಾರಗಳು ತಯಾರಿಲ್ಲ.

ಹಿಮಾಚಲ ಪ್ರದೇಶ ಮತ್ತಿತರ ರಾಜ್ಯಗಳ ಗೃಹರಕ್ಷಕರು ಕೋರ್ಟಿಗೆ ಹೋದದ್ದು ಇದಕ್ಕೇ. 2015ರಲ್ಲಿ ಸುಪ್ರೀಂ ಕೋರ್ಟ್ ಅವರ ನೌಕರಿ ಕಾಯಂ ಮಾಡಲಿಲ್ಲ. ಆದರೆ 30 ದಿನ ದುಡಿದರೆ ಕೈಗೆ ಬರುವ ಭತ್ಯೆ, ಆ ರಾಜ್ಯದ ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನಕ್ಕೆ ಸಮನಾಗಿರಬೇಕು ಎಂದಿತು. ಆ 30 ದಿನದ ಡ್ಯೂಟಿ ಕೊಡಲೇಬೇಕು ಎಂಬ ಭರವಸೆ ಮಾತ್ರ ತೀರ್ಪಿನಿಂದ ಸಿಗಲಿಲ್ಲ.